ನಿಂತ ಚಕ್ರದ ಮೇಲೆ ಕೇಳಿದ ಮಗ್ಗ

ಗೆಳತಿ ಕೆಂಪವ್ವ ಕೊನೆಯ ಕ್ಷಣದಲ್ಲಿ ಎಕ್ಸಿಬಿಷನ್ನಿನ ದೊಡ್ಡ ಚಕ್ರದ ತೊಟ್ಟಿಲಿನಿಂದ ಇಳಿದುಬಿಟ್ಟಳು.

“ನನ್ನ ಕೈಲಾಗಂಗಿಲ್ಲಬೇ ಅನಸವ್ವಾ! ಇದರ ಎತ್ತರ ನೋಡೇ ತಿಂದ ಭಜಿ ಮ್ಯಾಲ ಬರಾಕತ್ತಾವು.”

“ನೀನ ಎಳಕೊಂಡು ಬಂದು ನೀನ ಇಳಿತೀಯೇನ?” ಎಂದು ಅನಸವ್ವ ತಾನೂ ಏಳಹೋದಳು. ಅಷ್ಟರಲ್ಲಿ ಚಕ್ರ ತಿರುಗಿಸುವ ಗೂಳಪ್ಪ ಕೂಗಿದ: “ಒಬ್ಬರ ಕುಂತ್ರ ತೊಟ್ಟಲಾ ವಾಲತೈತ್ರಿ. ಯಾರರೆ ಒಬ್ಬರು ಹತ್ರಿ, ಲಗೂ!”

ಸಾಲಿನಲ್ಲಿ ಮುಂದೆ ನಿಂತಿದ್ದವನು ಹತ್ತಿದ. ಕಬ್ಬಿಣದ ಅಡ್ಡಪಟ್ಟಿ ಬಿತ್ತು. ತೊಟ್ಟಿಲು ನೆಲವನ್ನು ಬಿಟ್ಟ ಮೇಲೆಯೇ ಅವಳು ಪಕ್ಕಕ್ಕೆ ತಿರುಗಿ ನೋಡಿದ್ದು. ಕುಳಿತಿದ್ದವನು ಶಿವಯೋಗೆಪ್ಪ.

“ಇದು ನಿಮ್ಮ ಮಸಲತ್ತಲ್ಲೇನ್ರಿ?”

“ಖರೇ ಹೇಳ್ತೇನ್ರಿ,” ಅವನು ಎರಡೂ ಕೈಗಳಿಂದ ಪಟ್ಟಿಯನ್ನು ಹಿಡಿದುಕೊಂಡು ಹೇಳಿದ. “ಕೆಂಪವ್ವನ ಭಜಿಗೆ ನಾ ಹೊಣಿ ಅಲ್ಲ.”

ನಗು ಬಂತು; ಅದನ್ನು ಅವಳು ಸೆರಗಿನ ಅಂಚಿನಲ್ಲಿ ಮರೆಸಿದಳು. ಆದರೆ ಮರೆಸುವ ಮುನ್ನ ಅವನು ಅದನ್ನು ಕಂಡಿದ್ದ.

ಸಾವಿರದ ಒಂಬೈನೂರ ಎಂಬತ್ತೆರಡನೆಯ ಇಸವಿಯ ಕಾರ್ತಿಕ ಸೋಮವಾರ. ಬನಹಟ್ಟಿಯ ಬಯಲಿಗೆ ಎಕ್ಸಿಬಿಷನ್ ಬಂದು ಎಂಟು ದಿನಗಳಾಗಿದ್ದವು. ಸೂರ್ಯನು ಅಸ್ತಮಿಸಿದ್ದರೂ ಪಶ್ಚಿಮದಲ್ಲಿ ಅವನ ನೆನಪು ಇನ್ನೂ ಕೆಂಪಾಗಿತ್ತು. ದೂರದಲ್ಲಿ, ರಬಕವಿಯ ಆಚೆಗೆ, ಕೃಷ್ಣೆಯು ಒಂದು ತೆಳುವಾದ ಹೊಳಪಾಗಿ ಮಲಗಿದ್ದಳು.

ಅನಸವ್ವನಿಗೆ ಇಪ್ಪತ್ತಾರು ವರ್ಷ. ಅವಳ ಪತಿ ಗಿರಿಮಲ್ಲಪ್ಪನು ಕಾಮಾಲೆಯಿಂದ ತೀರಿಹೋಗಿ ಮೂರು ವರ್ಷಗಳು ಸಂದಿದ್ದವು. ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡುವ ಶಿವಯೋಗೆಪ್ಪ ಆ ಗಿರಿಮಲ್ಲಪ್ಪನ ಗೆಳೆಯ, ವಯಸ್ಸಿನಲ್ಲಿ ಕಿರಿಯ. ಅವಳನ್ನು ಉಡಿಕೆ ಮಾಡಿಕೊಳ್ಳುವೆನೆಂದು, ವಿಧವೆಯ ಮರುವಿವಾಹವನ್ನು ಆ ಸೀಮೆಯವರು ಕರೆಯುವ ಆ ಹೆಸರಿನಿಂದಲೇ, ಅವನು ಶ್ರಾವಣದಲ್ಲಿ ಅವಳ ಅತ್ತೆ ಮುತ್ತವ್ವನ ಮುಂದೆ ತಲೆತಗ್ಗಿಸಿ ಕೇಳಿದ್ದ. ಮುತ್ತವ್ವ, “ಆಕೀನ ಕೇಳಪಾ” ಎಂದಿದ್ದಳು. ಅನಸವ್ವ ಹೂಂ ಎನ್ನಲಿಲ್ಲ. ಉಹೂಂ ಎಂದೂ ಅನ್ನಲಿಲ್ಲ.

ಚಕ್ರವು ಒಂದು ಸುತ್ತು ಬಂದಿತು.

“ನಾಳೆ ಮುಂಜಾನೆ ಆರರ ಬಸ್ಸಿಗೆ ಇಚಲಕರಂಜಿಗೆ ಹೊಂಟೇನ್ರಿ,” ಎಂದನು ಶಿವಯೋಗೆಪ್ಪ. “ಅಲ್ಲೆ ನೌಕರಿ ಸಿಕ್ಕೈತಿ. ನೀವು ಬರ್ತೇನಿ ಅಂದ್ರ ಮನಿ ನೋಡಿ ಬಂದು ಕರಕೊಂಡು ಹೋಗ್ತೇನಿ. ಒಲ್ಲೆ ಅಂದ್ರ…”

“ಅಂದ್ರ?”

“ಹೊಳ್ಳಿ ಬರಂಗಿಲ್ಲ. ಈ ಊರಾಗ ನಿಮ್ಮನ್ನ ದೂರದಿಂದ ನೋಡಿಕೋತ ಇರೂದು ಇನ್ನ ನನ್ನ ಕೈಲೆ ಆಗಂಗಿಲ್ಲ.”

ಎರಡನೆಯ ಸುತ್ತೂ ಮುಗಿಯಿತು. ಮೂರನೆಯದರಲ್ಲಿ ಅವರ ತೊಟ್ಟಿಲು ಶಿಖರವನ್ನು ಮುಟ್ಟಿತು. ಆ ಕ್ಷಣಕ್ಕೆ ಬಯಲಿನ ಬಣ್ಣದ ದೀಪಗಳೆಲ್ಲವೂ ಒಮ್ಮೆಗೇ ಆರಿದವು. ಧ್ವನಿವರ್ಧಕದ ಹಾಡು ನಡುವೆಯೇ ತುಂಡಾಯಿತು. ಚಕ್ರವು ನರಳಿ ನಿಂತಿತು.

ಕರೆಂಟು ಹೋಗಿತ್ತು.

“ಅಂಜಬ್ಯಾಡ್ರಿ! ಅಲ್ಲಾಡದಂಗ ಕುಂದರ್ರಿ!” ಪಾತಾಳದಿಂದೆಂಬಂತೆ ಗೂಳಪ್ಪನ ಕೂಗು ಬಂತು. ಅದರ ಬೆನ್ನಿಗೇ ಕೆಂಪವ್ವ: “ಅನಸವ್ವಾ, ಕೆಳಗ ನೋಡಬ್ಯಾಡಬೇ! ಶಿವನ ಹೆಸರ ತಗೋ!”

ಆ ಬಳಿಕ ಊರಿನ ಮೇಲೆ ನಿಶ್ಶಬ್ದವು ಇಳಿಯಿತು. ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಸಾವಿರ ವಿದ್ಯುತ್ ಮಗ್ಗಗಳ ಖಟಖಟವು ಸ್ವಂತ ಉಸಿರಿನಷ್ಟೇ ಪರಿಚಿತ. ಅದು ಇರುವುದು ತಿಳಿಯುವುದು ಅದು ನಿಂತಾಗಲೇ. ಓಣಿ ಓಣಿಯ ಮಗ್ಗಗಳು ತಟಸ್ಥವಾದಾಗ ಅನಸವ್ವನಿಗೆ ತನ್ನ ಕಿವಿಯೇ ಕೆಟ್ಟಿತೇನೋ ಎನಿಸಿತು. ಕೆಳಗಿನ ಜನರ ಗುಜುಗುಜು ನೆಲದಲ್ಲೇ ಉಳಿದು, ಆ ಎತ್ತರದಲ್ಲಿ ಗಾಳಿ ಮಾತ್ರ ಇತ್ತು.

“ಈಗರೆ ಒಂದು ಮಾತು ಹೇಳ್ರಿ,” ಎಂದನು ಶಿವಯೋಗೆಪ್ಪ. “ಇಲ್ಲಿಂದ ಎದ್ದು ಹೋಗಾಕ ನಿಮಗೂ ದಾರಿ ಇಲ್ಲ.”

ಅವಳು ತನ್ನ ಮನೆಯ ಓಣಿಯ ಕಡೆಗೆ ತಿರುಗಿದಳು. ನಂತರ, “ನಾ ಹೇಳಿದ್ರ ನನಗ ಹುಚ್ಚ ಹಿಡದೈತಿ ಅಂತೀರಿ,” ಎಂದಳು.

“ಅನ್ನಂಗಿಲ್ಲ.”

“ನಮ್ಮ ಮನ್ಯಾಗ ಅವರ ಕೈಮಗ್ಗ ಐತೆಲ್ರಿ. ಅದರ ಮ್ಯಾಲ ಅವರು ಅರ್ಧಾ ನೇಯ್ದು ಬಿಟ್ಟ ಹಸರ ಸೀರಿ ಐತಿ. ನಮ್ಮ ಮನಿತನದಾಗ ಒಂದು ಪದ್ಧತಿ. ನೇಕಾರ ಸತ್ರ ಅವನ ಮಗ್ಗದ ಮ್ಯಾಲಿನ ಸೀರಿ ಆ ಮನಿ ಕೈಲೇನ ಮುಗೀಬೇಕು. ಅದನ್ನ ಕತ್ತರಿಸಿ ಇಳಸೂತನಕ ಸತ್ತಾಂವ ಮನ್ಯಾಗ ಇರ್ತಾನ. ಹೆಂಡ್ತಿ ಅವನಾಕೀನ.”

“ನೀವ ನೇಯ್ದು ಮುಗಸಬಹುದಿತ್ತಲ್ರಿ?”

“ಮುಗಸಿದ್ರ ಅವರನ್ನ ನಾನ ಕೈ ಹಿಡದು ಹೊರಗ ಹಾಕಿದಂಗ. ಅದಕ್ಕ ಮುಟ್ಟಲಿಲ್ಲ.” ಅವಳ ಧ್ವನಿ ತಗ್ಗಿತು. “ಮುಟ್ಟಲಿಲ್ಲ. ಆದ್ರ ಅದು ಬೆಳ್ಯಾಕತ್ತೈತ್ರಿ.”

ಅವನು ತಿರುಗಿದ.

“ದಸರಾದಿಂದ. ನಾ ಸೋಮವಾರ ಕಾಡಸಿದ್ಧೇಶ್ವರನ ಗುಡಿಗೆ ಹೋಗಿ ಬರೂದ್ರಾಗ ಗೇಣು, ಒಮ್ಮೊಮ್ಮೆ ಒಂದೂವರಿ ಗೇಣು. ನಾನ ಅಳದು ನೋಡೇನಿ.”

“ಅತ್ತಿಗೆ ಹೇಳಿದ್ರೇನ್ರಿ?”

“ಏನಂತ ಹೇಳ್ಲಿ? ನಿನ್ನ ಮಗಾ ಬಂದು ನೇಯಾಕತ್ತಾನಂತ ಹಡದಾಕಿಗೆ ಹೇಳ್ಲೇನ? ಮೊದಲ ಕಣ್ಣಾಗ ಪೊರಿ ಬಂದೈತಿ. ಹತ್ತು ವರ್ಷಾತು, ಮಗ್ಗದ ಕಡೆ ಹೊಳ್ಳಿ ನೋಡಿಲ್ಲ ಆಕಿ.” ಅನಸವ್ವ ಪಟ್ಟಿಯನ್ನು ಬಿಗಿಯಾಗಿ ಹಿಡಿದಳು. “ಇನ್ನ ನಾಕ ಬೆರಳ ಉಳದೈತ್ರಿ, ಅಷ್ಟ. ಸತ್ತಾಂವ ತಾನ ನೇಯ್ದು ಮುಗಸಿದ್ರ ಒಬ್ಬನ ಹೋಗ್ತಾನೇನ? ಅದು ಮುಗದ ದಿನ ಅವರು ನನ್ನ ಕರಕೊಂಡು ಹೋಗಾಕ ಬರ್ತಾರ. ಅಂಥಾಕೀನ ಇಚಲಕರಂಜಿಗೆ ಕರೀತೀರೇನ್ರಿ?”

ಅವನು ಉತ್ತರಿಸುವುದಕ್ಕೆ ಮುನ್ನವೇ ಆ ಶಬ್ದವು ಬಂದಿತು.

ಬಯಲಿಗೆ ಹತ್ತಿದ ಓಣಿಯಿಂದ ಬಂದಿತು. ಅಲ್ಲಿಯೇ ಅವಳ ಮನೆ. ವಿದ್ಯುತ್ತಿನ ಹಂಗಿಲ್ಲದ ಒಂದೇ ಒಂದು ಮಗ್ಗ ನಡೆಯುತ್ತಿತ್ತು. ಎರಡು ಬಡಿತ, ಒಂದು ಬಿಡುವು. ಮತ್ತೆ ಎರಡು ಬಡಿತ, ಒಂದು ಬಿಡುವು.

ಗಿರಿಮಲ್ಲಪ್ಪನ ಬಲಗೈ ಹೆಬ್ಬೆರಳು ಬಾಲ್ಯದಲ್ಲಿ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿತ್ತು. ಎರಡು ಸಲ ಲಾಳಿಯನ್ನು ಎಸೆದ ಮೇಲೆ ಅವನು ಹಿಡಿತವನ್ನು ಸರಿಪಡಿಸಿಕೊಳ್ಳಲೇಬೇಕಾಗಿತ್ತು. ಲಕ್ಷ ನೇಕಾರರ ನಡುವೆ ಕಣ್ಣು ಮುಚ್ಚಿಕೊಂಡು ಗುರುತಿಸಬಹುದಾದ ಬಿಡುವು ಅದು.

“ಕೇಳಿಸ್ತೇನ್ರಿ?” ಅವಳು ಉಸುರಿದಳು. “ನನಗ ಅಷ್ಟ ಕೇಳಾಕತ್ತೈತೇನ?”

ಶಿವಯೋಗೆಪ್ಪ ಸುಳ್ಳು ಹೇಳಬಹುದಿತ್ತು. ಹತ್ತು ವರ್ಷ ಆ ಮಗ್ಗದ ಪಕ್ಕದಲ್ಲಿ ಕುಳಿತು ಹರಟಿದವನು ಅವನು.

“ಕೇಳಿಸ್ತು,” ಎಂದನು. “ಗಿರಿಮಲ್ಲಣ್ಣನ ಬಡಿತ.”

ಮೇಲಿನಿಂದ ಅವಳ ಮನೆಯ ಮಣ್ಣಿನ ಮಾಳಿಗೆಯು ಕತ್ತಲಲ್ಲಿ ಒಂದು ಚೌಕದಂತೆ ತೋರುತ್ತಿತ್ತು. ಅದರ ನಡುವಿನ ಬೆಳಕಿಂಡಿಯಿಂದ, ನೆಲದ ಮೇಲಿರುವವರಿಗೆ ಎಂದಿಗೂ ಕಾಣದ ರೀತಿಯಲ್ಲಿ, ಕಂದೀಲಿನ ಮಂದವಾದ ಬೆಳಕು ಆಕಾಶದ ಕಡೆಗೆ ಏರುತ್ತಿತ್ತು.

ಆಗ ಶಿವಯೋಗೆಪ್ಪನು ಆ ಬೆಳಕಿಗೆ ಅಭಿಮುಖನಾದನು. ದೇವರ ಮುಂದೆ ನಿಂತವನಂತೆ ತಲೆಯ ಟೋಪಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡನು.

“ಅಣ್ಣಾ,” ಎಂದನು. ಕೂಗಲಿಲ್ಲ, ಎದುರು ಕುಳಿತವನೊಡನೆ ಆಡುವಂತೆ ಆಡಿದನು. “ನಿನ್ನ ತಾಟಿನಾಗ ಉಂಡಾಂವ ನಾ. ನಿನ್ನ ಹೆಂಡ್ತಿ ಮ್ಯಾಲ ಮನಸ ಇಟ್ಟೆ, ಖರೆ. ನೀ ಹೋದ ಮ್ಯಾಲ ಇಟ್ಟೆ. ಸಿಟ್ಟಿದ್ರ ಅದು ನನ್ನ ಮ್ಯಾಲ ಇರಲಿ. ಆಕೀನ ಕರೀಬ್ಯಾಡೋ. ನನಗ ಕೊಡದಿದ್ರ ಬ್ಯಾಡ, ನಾ ಒಬ್ಬನ ಹೋಗ್ತೇನಿ. ಆಕೀನ ಬದುಕಾಕ ಬಿಡು.”

ಅನಸವ್ವ ಅವನ ಕಡೆಗೆ ತಿರುಗಿದಳು. ಮೂರು ತಿಂಗಳಿಂದ ಅವಳು ಅವನ ಚಪ್ಪಲಿಯನ್ನು ನೋಡಿದ್ದಳು, ಗ್ರೀಸಿನ ಕಲೆಯ ತೋಳನ್ನು ನೋಡಿದ್ದಳು. ಮುಖವನ್ನು ನೋಡುವ ಧೈರ್ಯ ಮಾಡಿರಲಿಲ್ಲ. ಈಗ ನೋಡಿದಳು. ಅವನ ಕಣ್ಣುಗಳು ತುಂಬಿದ್ದವು, ಮತ್ತು ಅವು ತನಗಾಗಿ ಏನನ್ನೂ ಬೇಡುತ್ತಿರಲಿಲ್ಲ. ಸಂಯೋಗವನ್ನು ಬಯಸುವ ಪ್ರೀತಿಯನ್ನು ಅವಳು ಬಲ್ಲಳು. ವಿಯೋಗವನ್ನು ಕಾಣಿಕೆಯಾಗಿ ಇಡುವ ಪ್ರೀತಿ ಅವಳೆದುರು ಆ ಮೊದಲು ಬಂದಿರಲಿಲ್ಲ.

ಮಗ್ಗವು ನಡೆದೇ ಇತ್ತು. ಎರಡು, ಬಿಡುವು. ಎರಡು, ಬಿಡುವು.

ಬಳಿಕ ಬಿಡುವೇ ಇಲ್ಲದೆ ಬಡಿತದ ಮೇಲೆ ಬಡಿತ ಸರಾಗವಾಗಿ ಬಿದ್ದು, ಶಬ್ದವು ನಿಂತುಹೋಯಿತು.

“ಮುಗೀತು,” ಎಂದಳು ಅನಸವ್ವ. “ಬಂದ್ರು.”

ಬೆಳಕಿಂಡಿಯ ಬೆಳಕು ಅಲುಗಿತು, ಮಾಯವಾಯಿತು, ಕ್ಷಣದ ಬಳಿಕ ಹಿತ್ತಲ ಬಾಗಿಲಲ್ಲಿ ಕಾಣಿಸಿಕೊಂಡಿತು. ಕಂದೀಲನ್ನು ಹಿಡಿದ ಆಕೃತಿಯೊಂದು ಅಂಗಳಕ್ಕೆ ಇಳಿಯಿತು. ಬೆನ್ನು ಬಾಗಿತ್ತು. ಒಂದು ಕೈಯಿಂದ ಗೋಡೆಯನ್ನು ತಡವುತ್ತ, ಎಡವದಂತೆ ಹೆಜ್ಜೆಯನ್ನು ಅಳೆಯುತ್ತ ಬಂದು, ನೀರಿನ ಹಂಡೆಯ ಬಳಿ ಕುಳಿತು ಕೈ ತೊಳೆಯತೊಡಗಿತು.

“ಅತ್ತಿ!” ಎಂದಳು ಅನಸವ್ವ. “ಅವರಲ್ಲ. ನಮ್ಮ ಅತ್ತಿ!”

ಆ ಮಾತು ಮುಗಿಯುವಷ್ಟರಲ್ಲಿ ಕರೆಂಟು ಬಂತು. ದೀಪಗಳು ಹತ್ತಿದವು, ಊರಿನ ಮಗ್ಗಗಳೆಲ್ಲ ಒಂದೇ ಗಂಟಲಿನಿಂದ ಆರ್ಭಟಿಸಿದವು, ಚಕ್ರವು ಜಗ್ಗಿ ತಿರುಗಿ ಅವರ ತೊಟ್ಟಿಲು ಕೆಳಗಿಳಿಯಿತು. ಕೆಂಪವ್ವ ಓಡಿಬಂದು, “ಏನಾತಬೇ? ಮಾರಿ ಯಾಕ ಹಿಂಗಾಗೇತಿ?” ಎಂದು ಕೇಳುತ್ತಿದ್ದಂತೆಯೇ ಅನಸವ್ವ ಮನೆಯತ್ತ ಓಡಿದಳು. ಶಿವಯೋಗೆಪ್ಪ ಅವಳ ಹಿಂದೆ ಹೋದ.

ಮುತ್ತವ್ವ, ನೇಕಾರರು ಕಾಲಿಳಿಸಿ ಕೂರುವ ಮಗ್ಗದ ಕುಣಿಯ ಅಂಚಿನಲ್ಲಿ ಕುಳಿತಿದ್ದಳು. ಹಣೆಯಲ್ಲಿ ವಿಭೂತಿ, ಮಡಿಲಲ್ಲಿ ಕತ್ತರಿಸಿ ಇಳಿಸಿದ ಹಸಿರು ಸೀರೆ. ಶಿವಯೋಗೆಪ್ಪ ಹೊಸ್ತಿಲಿನ ಹೊರಗೇ ನಿಂತ.

“ನೀನ ಏನಬೇ?” ಅನಸವ್ವ ಏದುಸಿರು ಬಿಡುತ್ತ ಕೇಳಿದಳು. “ಇಷ್ಟ ದಿನಾ ನೀನ ನೇಯ್ದಿ? ಕಣ್ಣ ಕಾಣಂಗಿಲ್ಲಲ್ಲ ನಿನಗ!”

“ಎಳಿ ಬೆರಳಿಗೆ ಕಾಣ್ತಾವ.” ಮುದುಕಿ ಬಟ್ಟೆಯನ್ನು ನೇವರಿಸಿದಳು. “ಸೋಮವಾರ ಸೋಮವಾರ ಗುಡಿಗೆ ಅಟ್ಟಿದ್ದು ಅದಕ್ಕ. ಇವತ್ತ ಎಕ್ಸಿಬಿಷನ್ ನೋಡು ಹೋಗಂತ ಕೆಂಪವ್ವನ ಬೆನ್ನ ಹಚ್ಚಿದ್ದೂ ಅದಕ್ಕ. ಹೇಳಿದ್ರ ನೀ ಬಿಡ್ತಿದ್ದೇನ?”

“ನಾ ಎಷ್ಟ ಅಂಜಿದ್ನಿ ಗೊತ್ತೇನ ನಿನಗ?”

“ನಾ ಅಂಜಿಲ್ಲಂತ ತಿಳದಿಯೇನ?” ಮುತ್ತವ್ವ ತನ್ನ ಬಲಗೈಯನ್ನು ಕಂದೀಲಿಗೆ ಹಿಡಿದಳು. ಗಂಟುಬಿದ್ದಿದ್ದರೂ ಹೆಬ್ಬೆರಳು ನೆಟ್ಟಗಿತ್ತು. “ನೋಡು, ಇದಕ್ಕೇನಾಗೇತಿ? ಆದ್ರ ಎರಡ ಸಲ ಲಾಳಿ ಒಗದ್ರ ಸಾಕು, ಮೂರನೇದಕ್ಕ ಕೈ ನನ್ನ ಮಾತ ಕೇಳ್ತಿದ್ದಿಲ್ಲ. ತಡೀತಿತ್ತು. ಅವ ತಡದಂಗ. ಮೊದಲ ದಿನಾ ಎದ್ದು ಓಡಿ ಹೋಗಬೇಕಂದೆ. ಆಮ್ಯಾಲ, ಇರಲಿ, ನನ್ನ ಕೂಸ ನನ್ನ ಕೈಯಾಗ ಕುಂತೈತಿ ಅಂದೆ.”

ಹೊರಗಿನ ಗದ್ದಲವು ಆ ಕೋಣೆಯ ಬಾಗಿಲವರೆಗೆ ಬಂದು ನಿಂತಂತಿತ್ತು.

“ಇವತ್ತ ಕಡೀಕ ನಾಕ ಎಳಿ ಉಳದಿದ್ವು,” ಎಂದಳು ಮುತ್ತವ್ವ. “ಒಮ್ಮಿಂದೊಮ್ಮೆ ಕೈ ಹಗರಾತು. ತಡೀಲಿಲ್ಲ. ಯಾರೋ ಬ್ಯಾರೆದವರ ಮಾತ ಕೇಳಿ ಎದ್ದು ಹೋದಂಗ ಆತು.”

ಶಿವಯೋಗೆಪ್ಪನು ಬಾಗಿಲ ಕಂಬವನ್ನು ಹಿಡಿದುಕೊಂಡನು. ಚಕ್ರದ ಮೇಲೆ ತಾನು ಗಿರಿಮಲ್ಲಪ್ಪನಿಗೆ ಆಡಿದ ಮಾತನ್ನು ಅವನು ಹೇಳಲಿಲ್ಲ. ಅನಸವ್ವನೂ ಹೇಳಲಿಲ್ಲ.

“ಹಾದಿ ಬಿಟ್ಟಾನಬೇ,” ಮುದುಕಿ ಸೊಸೆಯ ಗಲ್ಲವನ್ನು ತಡವಿ ಹುಡುಕಿದಳು. “ಬಾಗಲದಾಗ ನಿಂತಾಂವನ ಹೆಜ್ಜಿ ಸಪ್ಪಳ ನನಗ ಗೊತ್ತೈತಿ, ಊರ ಬಿಡೂ ಸುದ್ದೀನೂ ನನಗ ಹೇಳ್ಯಾನ. ಇಂವನ ಕೂಡ ಇಚಲಕರಂಜಿಗೆ ಹೋಗು. ಛಲೋ ಹುಡುಗ.”

“ನಾ ಇಚಲಕರಂಜಿಗೆ ಹೋಗಂಗಿಲ್ಲ,” ಎಂದಳು ಅನಸವ್ವ.

ಶಿವಯೋಗೆಪ್ಪ ಕಣ್ಣು ಮುಚ್ಚಿದ. ಅವನು ಅದನ್ನು ನಿರೀಕ್ಷಿಸಿದ್ದ. ಆದರೂ ನಿರೀಕ್ಷಿಸಿದ ಪೆಟ್ಟು ಪೆಟ್ಟೇ. “ಆತ್ರಿ,” ಎಂದು ತಿರುಗಿದ.

“ಪೂರ್ತಿ ಕೇಳಿ ಹೋಗ್ರಿ.” ಅವಳು ಅತ್ತೆಯ ಕೈಯನ್ನು ಬಿಡದೆಯೇ ಹೇಳಿದಳು. “ಈಕೀನ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ. ನಾ ಬೇಕಾಗಿದ್ರ ನೀವ ಇಲ್ಲಿಗೆ ಬರ್ರಿ. ಈ ಮನಿಗೆ.”

“ಏ ಹುಚ್ಚಿ!” ಮುತ್ತವ್ವ ಗದರಿದಳು. “ಗಣಸ ಹೆಣ್ಣಿನ ಅತ್ತಿಮನ್ಯಾಗ ಬಂದು ಇರ್ತಾನೇನ? ಊರ ನಗತೈತಿ.”

“ನಗಲಿ ಬಿಡ್ರಿ,” ಎಂದನು ಶಿವಯೋಗೆಪ್ಪ. ಅವನ ಧ್ವನಿಯೊಳಗೆ ನಗುವಿತ್ತು. “ಇಷ್ಟ ಮಗ್ಗದ ಸಪ್ಪಳದಾಗ ಊರ ನಕ್ಕದ್ದು ಯಾರಿಗೆ ಕೇಳತೈತಿ?”

ಮುತ್ತವ್ವ ನಗಲೆಂದು ಬಾಯಿ ತೆರೆದಳು. ಬಂದದ್ದು ನಗುವಲ್ಲ. ಮೂರು ವರ್ಷಗಳ ಹಿಂದೆ ಮಗನ ದೇಹವನ್ನು ಎತ್ತಿದಾಗ ಈ ತಾಯಿ ಅತ್ತಿರಲಿಲ್ಲ. ಕಲ್ಲೆದೆಯವಳೆಂದು ಓಣಿಯ ಜನ ಆಡಿಕೊಂಡಿದ್ದರು. ಸೀರೆಯು ಮಗ್ಗದ ಮೇಲಿರುವವರೆಗೆ ಮಗ ಮನೆಯಲ್ಲಿದ್ದ. ಮನೆಯಲ್ಲಿರುವವನಿಗಾಗಿ ಯಾರೂ ಅಳುವುದಿಲ್ಲ.

“ಇವತ್ತ ಸತ್ತ ನೋಡಬೇ,” ಎಂದಳು. “ಇವತ್ತ ಸತ್ತ ನನ್ನ ಮಗಾ. ನಾನ ಕತ್ತರಿ ಹಾಕಿದೆ.”

ಅನಸವ್ವ ಆ ಬಾಗಿದ ದೇಹವನ್ನು ತನ್ನ ಎದೆಗೆ ಒತ್ತಿಕೊಂಡಳು. ಇಬ್ಬರೂ ಅತ್ತರು. ಒಬ್ಬಳದು ಮಗನಿಗಾಗಿ, ಇನ್ನೊಬ್ಬಳದು, ಪ್ರೀತಿಸಿದ್ದ ಮತ್ತು ಇನ್ನು ಕಾಯಬೇಕಾಗಿಲ್ಲದ ಗಂಡನಿಗಾಗಿ.

ಶಿವಯೋಗೆಪ್ಪ ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ. ಆ ಅಳುವಿನಲ್ಲಿ ತನಗೆ ಪಾಲಿಲ್ಲವೆಂದು ತಿಳಿದು ಹೊಸ್ತಿಲ ಆಚೆಗೆ ಕುಳಿತನು. ಅದು ಮುಗಿಯುವವರೆಗೆ ಕಾಯುವುದು ತನ್ನ ಕೆಲಸವೆಂದೂ ಅವನಿಗೆ ತಿಳಿದಿತ್ತು.

ಬಹಳ ಹೊತ್ತಾದ ಮೇಲೆ ಅನಸವ್ವ, ಮುಖವನ್ನು ತಿರುಗಿಸದೆ, ಅತ್ತೆಯ ಬೆನ್ನ ಮೇಲಿದ್ದ ತನ್ನ ಒಂದು ಕೈಯನ್ನು ತೆಗೆದು ಹಿಂದಕ್ಕೆ, ಬಾಗಿಲಿನ ಕಡೆಗೆ ಚಾಚಿದಳು.

ಅವನು ಹೊಸ್ತಿಲನ್ನು ದಾಟಿದನು.