ಕರಿ ಅಂಚಿನ ಸಂಕ್ರಾಂತಿ ಕಾರ್ಡು

"ಅಯ್ಯೋ, ಮುಟ್ಬೇಡಿ! ಇನ್ನೂ ಆರಿಲ್ಲ..."

ಮುನಿರತ್ನ ಕೂಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಜಯರಾಮಯ್ಯನವರ ಅಂಗಡಿಯ ಕಟ್ಟೆಯ ಮೇಲೆ ಅವಳು ಆಗಷ್ಟೇ ಹರಡಿದ್ದ ಸಂಕ್ರಾಂತಿ ಕಾರ್ಡುಗಳಲ್ಲಿ ಒಂದನ್ನು ಆ ಅಪರಿಚಿತ ಎತ್ತಿಕೊಂಡಿದ್ದ. ಅವನ ಹೆಬ್ಬೆರಳು ಸರಿಯಾಗಿ ಎತ್ತಿನ ಹಣೆಯ ಮೇಲೇ ಕೂತಿತ್ತು!

ಎತ್ತಿನ ಮುಖ ಮಾಯವಾಗಿ, ಅಲ್ಲೊಂದು ಬೆರಳಿನ ಕೆಂಪು ಗುರುತು ಉಳಿದಿತ್ತು.

"ತಪ್ಪಾಯ್ತು ಕಣ್ರೀ," ಎಂದ ಅವನು. ತನ್ನ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಕಾರ್ಡನ್ನು ನೋಡಿ, "ಒಂದು ಮಾತು ಕೇಳ್ಲಾ? ಇದು ಎತ್ತಾ, ನಾಯೀನಾ?" ಎಂದ.

ರತ್ನಳಿಗೆ ಮೈಯೆಲ್ಲ ಉರಿದುಹೋಯಿತು. "ಕೊಂಬು ಕಾಣಲ್ವಾ ನಿಮ್ಗೆ?"

"ಕೊಂಬಾ? ನಾನು ಕಿವಿ ಅಂದ್ಕೊಂಡಿದ್ದೆ..."

ಜಯರಾಮಯ್ಯ ಗಲ್ಲಾದ ಹಿಂದೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಪೋಗಟ್ಟುಂ, ಹೋಗ್ಲಿ ಬಿಡಮ್ಮ! ಈತ ನರಸಿಂಹಪ್ಪ. ಮಾಲೂರು ಕಡೆಯೋನು, ಇಲ್ಲಿ ಫ್ಯಾಕ್ಟ್ರೀಲಿ ರಬ್ಬರ್ ವಾಷರ್ ಕತ್ತರಿಸ್ತಾನೆ. ಒಳ್ಳೆ ಹುಡುಗ, ಬಾಯಿ ಮಾತ್ರ ಸ್ವಲ್ಪ ಉದ್ದ."

ಹಾಳಾದ ಕಾರ್ಡನ್ನು ಅವನು ದುಡ್ಡು ಕೊಟ್ಟು ಜೇಬಿಗಿಟ್ಟುಕೊಂಡು ಹೊರಟುಹೋದ. ಹೋಗುವಾಗ ಒಮ್ಮೆ ತಿರುಗಿ ನೋಡಿದ.

'ಇವನಿಗೆ ಅದು ಯಾಕೆ ಬೇಕಿತ್ತು?' ಎಂದು ರತ್ನ ದಾರಿಯುದ್ದಕ್ಕೂ ಯೋಚಿಸಿದಳು. ಅಂದಿನಿಂದ ಶುರುವಾದ ಗೊಂದಲ ಅದು...

* * *

ಎಂಬತ್ತೆರಡನೇ ಇಸವಿಯಲ್ಲಿ, ತಮಿಳುನಾಡಿನ ಗಡಿಯ ಹೊಸೂರಿನಲ್ಲಿ ಹಬ್ಬ ಬಂತೆಂದರೆ ಎಲ್ಲರಿಗೂ ಕಾರ್ಡು ಬೇಕು. ರತ್ನಳ ಕಾರ್ಡಿನ ಮೇಲ್ಗಡೆ ಕನ್ನಡದಲ್ಲಿ ಸಂಕ್ರಾಂತಿ ಶುಭಾಶಯ, ಕೆಳಗಡೆ ತಮಿಳಿನಲ್ಲಿ ಪೊಂಗಲ್ ಶುಭಾಶಯ ಇರುತ್ತಿತ್ತು. ಬೆಂಡೆಕಾಯಿಯನ್ನು ಅಡ್ಡ ಕುಯ್ದು ಮಸಿಗೆ ಅದ್ದಿ ಒತ್ತಿದರೆ ಹೂವು, ಪೆನ್ಸಿಲ್ ರಬ್ಬರನ್ನು ಕೆತ್ತಿದರೆ ಕಬ್ಬಿನ ಗರಿ. ಎಲ್ಲ ಚೆನ್ನಾಗಿಯೇ ಬರುತ್ತಿತ್ತು, ಎತ್ತು ಒಂದನ್ನು ಬಿಟ್ಟು.

ಮರುದಿನ ಮಧ್ಯಾಹ್ನ ಅವಳ ಮನೆಯ ಮುಂದೆ ಸೈಕಲ್ ನಿಂತಿತು. ಬೀದಿಗೆ ತಿರುಗಿದರೆ ಎಡಗಡೆಯ ಮೊದಲನೇ ಮನೆ ಅದು. ಅವಳ ತಂದೆ ಹನುಮಂತರಾಯಪ್ಪ ತಳಿ ಎಂಬ ಊರಿನಲ್ಲಿ ಮೇಷ್ಟ್ರು, ವಾರಕ್ಕೊಮ್ಮೆ ಬರುತ್ತಿದ್ದರು. ಜಗುಲಿಯಲ್ಲಿ ತಾಯಿ ಸಾಕಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ಯಾರಪ್ಪ ನೀನು?"

"ಎತ್ತು ತಂದಿದೀನಿ ಕಣಮ್ಮೋ," ಎಂದ ನರಸಿಂಹ.

ಸಾಕಮ್ಮ ಗಾಬರಿಯಿಂದ ಬೀದಿ ಕಡೆ ಇಣುಕಿದರು. ಅವನು ನಗುತ್ತ ಜೇಬಿನಿಂದ ಒಂದು ಮರದ ತುಂಡು ತೆಗೆದ. ಅದಕ್ಕೆ ಅಂಟಿಸಿದ ದಪ್ಪ ರಬ್ಬರಿನಲ್ಲಿ ಎತ್ತು ಕೆತ್ತಿದ್ದ! ಕೊಂಬು, ಗೆಜ್ಜೆ, ಕೊರಳ ಹಾರ, ಹಣೆಯಲ್ಲಿ ಬೊಟ್ಟಿಡಲು ಜಾಗ, ಎಲ್ಲವೂ ಇತ್ತು. ರತ್ನ ಅದನ್ನು ಒತ್ತಿ ನೋಡಿದಳು. ಕಾಗದದ ಮೇಲೆ ಎತ್ತು ಈಗಲೋ ಆಗಲೋ ತಲೆ ಕೊಡವುವ ಹಾಗೆ ನಿಂತಿತು.

ಅವಳು ಇನ್ನೊಂದು ಒತ್ತಿದಳು, ಆಮೇಲೆ ಮತ್ತೊಂದು.

"ಫ್ಯಾಕ್ಟ್ರೀಲಿ ನಮ್ಮ ಜನಕ್ಕೆಲ್ಲ ಕಾರ್ಡ್ ಬೇಕಂತೆ. ನೀವು ಒತ್ತಿ, ನಾನು ಕೈ ಜೋಡಿಸ್ತೀನಿ. ಬೆಳಗಿನ ಶಿಫ್ಟ್ ಮುಗಿಸ್ಕೊಂಡು ಬತ್ತೀನಿ," ಎಂದ.

ಹಾಗೆ ಅವನು ಬರತೊಡಗಿದ. ಸಾಕಮ್ಮನ ಅವರೆಕಾಯಿಯ ಎದುರಿಗೇ ಇಬ್ಬರೂ ಕೂತು ಕಾರ್ಡು ಒತ್ತುತ್ತಿದ್ದರು. ನಡುವೆ ಮಣೆಯ ಮೇಲೆ ಸಾಲಾಗಿ ಮಸಿಯ ತಗಡಿನ ಡಬ್ಬಿಗಳು. ಎಡಗಡೆ ಕೆಂಪು, ಆಮೇಲೆ ಹಸಿರು, ನೀಲಿ, ಬಲಗಡೆಯ ಕೊನೆಗೆ ಕಪ್ಪು. ಅವಳು ಒಂದು ಡಬ್ಬಿಯನ್ನು ಸ್ವಲ್ಪ ಸರಿಸಿದರೂ ಅವನು ತಡೆಯುತ್ತಿದ್ದ.

"ಹಂಗೇ ಇರ್ಲಿ ಬಿಡ್ರಿ. ಸಾಲು ಕೆಡಿಸ್ಬೇಡಿ."

'ಗಂಡಸಿಗೆ ಇಷ್ಟೊಂದು ಅಚ್ಚುಕಟ್ಟಾ!' ಎಂದುಕೊಂಡು ರತ್ನ ಒಳಗೊಳಗೇ ನಗುತ್ತಿದ್ದಳು.

ಆದರೆ ಅವನು ಅವಳಿಗೆ ಅರ್ಥವಾಗುತ್ತಲೇ ಇರಲಿಲ್ಲ. ಒಂದು ದಿನ ಅವಳು ಇಟ್ಟಿಗೆ ಕೆಂಪಿನ ಸೀರೆ ಉಟ್ಟಿದ್ದಳು. ಎರಡು ದಿನ ಬಿಟ್ಟು, ಅವನಿಗಾಗಿಯೇ, ಪೆಟ್ಟಿಗೆಯ ತಳದಲ್ಲಿದ್ದ ಹೊಸ ಹಸಿರು ಸೀರೆ ತೆಗೆದು ಉಟ್ಟಳು. ಅವನು ತಲೆಯೆತ್ತಿ ನೋಡಿ ಮೆಚ್ಚುಗೆಯಿಂದ ಹೇಳಿದ, "ಈ ಸೀರೆ ಮೊನ್ನೇನೂ ಉಟ್ಟಿದ್ರಿ ಅಲ್ವಾ? ನಿಮ್ಗೆ ಚೆನ್ನಾಗ್ ಒಪ್ತೈತೆ."

ಮೊನ್ನೆಯದಾ?!

ಹೊಗಳಿದನೋ ಅಣಕಿಸಿದನೋ ತಿಳಿಯದೆ ರತ್ನ ಅವತ್ತು ಕಬ್ಬನ್ನು ತಲೆಕೆಳಗಾಗಿ ಒತ್ತಿದಳು. 'ಇವನು ನನ್ನನ್ನ ನೋಡ್ತಾನೋ, ಸುಮ್ಮನೆ ನೋಡೋ ಹಂಗೆ ಮಾಡ್ತಾನೋ...'

ಇನ್ನೊಂದು ದಿನ ಸಾಕಮ್ಮ, "ಹಿತ್ತಲಲ್ಲಿ ಹಣ್ಣಾಗಿರೋ ಮೆಣಸಿನಕಾಯಿ ನಾಲ್ಕು ಕಿತ್ಕೊಂಡ್ ಬಾರಪ್ಪ," ಎಂದರು. ಅವನು ಎಲ್ಲ ಹಸಿಯದ್ದನ್ನೇ ಕಿತ್ತು ತಂದ.

"ಎಲ್ಲೋ ನೋಡ್ಕೊಂಡು ಎಲ್ಲೋ ಕೈ ಹಾಕಿದೀಯಲ್ಲಪ್ಪ!" ಎಂದು ಸಾಕಮ್ಮ ಮಗಳ ಕಡೆ ಓರೆಗಣ್ಣಿನಿಂದ ನೋಡಿದರು. ಅವನು ನಗಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಕೂತ.

ಆ ರಾತ್ರಿ ಊಟಕ್ಕೆ ಬಡಿಸುತ್ತ ಸಾಕಮ್ಮ ಮೆಲ್ಲಗೆ ಹೇಳಿದರು, "ರಾಯಕೋಟೆಯವರು ಹಬ್ಬ ಕಳೀತಿದ್ದಂಗೇ ಹೆಣ್ಣು ನೋಡಕ್ಕೆ ಬತ್ತಾರಂತೆ ಕಣಮ್ಮಿ. ನಿಮ್ಮಪ್ಪ ಒಪ್ಕೊಂಡವ್ರೆ. ನಿನ್ ಮನಸ್ನಾಗೆ ಬೇರೆ ಏನಾದ್ರೂ ಇದ್ರೆ ಈಗ್ಲೇ ಬಾಯಿ ಬಿಡು."

ರತ್ನ ಏನು ಹೇಳಿಯಾಳು? ಅವನ ಮನಸ್ಸಿನಲ್ಲಿ ಏನಿದೆಯೆಂದು ಅವಳಿಗೇ ಗೊತ್ತಿರಲಿಲ್ಲ!

ಮರುದಿನ ಅವಳು ಕಾರ್ಡಿನ ಮೇಲಿಂದ ಕಣ್ಣೆತ್ತದೆಯೇ ರಾಯಕೋಟೆಯ ವಿಷಯ ಹೇಳಿದಳು. ನರಸಿಂಹನ ಕೈ ಗಾಳಿಯಲ್ಲೇ ನಿಂತಿತು. ಅಚ್ಚನ್ನು ಮಣೆಯ ಮೇಲಿಟ್ಟ.

"ನಂಗೆ ಮಾತಲ್ಲಿ ಹೇಳಕ್ಕೆ ಬರಲ್ಲ ಕಣ್ರೀ. ನಿಮ್ಗೆ ಅಂತ ಒಂದು ಕಾರ್ಡು ನಾನೇ ಒತ್ತಿ ಇಡ್ತೀನಿ. ಅದನ್ನ ನೋಡಿ ಹೇಳಿ... ನಮ್ಮಮ್ಮನ್ನ ಕರ್ಕೊಂಡು ಬರ್ಲೋ, ಬೇಡ್ವೋ ಅಂತ."

ರತ್ನ ಹೂಂ ಎಂಬಂತೆ ತಲೆ ಅಲ್ಲಾಡಿಸಿದಳು, ಅಷ್ಟೇ.

* * *

ಹಬ್ಬಕ್ಕೆ ಇನ್ನೇನು ಎರಡು ದಿನ. ಕಾರ್ಡಿನ ಕೆಲಸ ಮುಗಿಯುತ್ತ ಬಂದಿತ್ತು, ಲಕೋಟೆಗಳ ಮೇಲೆ ಕಪ್ಪು ಮಸಿಯಲ್ಲಿ ಫ್ಯಾಕ್ಟರಿಯ ಹೆಸರು ಒತ್ತುವುದು ಉಳಿದಿತ್ತು. ಲಕೋಟೆಯ ರಾಶಿ ಎಡಗಡೆ ಇದ್ದದ್ದರಿಂದ ಬೆಳಿಗ್ಗೆ ರತ್ನ ಕಪ್ಪು ಡಬ್ಬಿಯನ್ನು ಎಡಕ್ಕೆ ತಂದು, ಕೆಂಪನ್ನು ಬಲಗಡೆಯ ಕೊನೆಗೆ ಇಟ್ಟಿದ್ದಳು. ಸಾಯಂಕಾಲ ತಾಯಿಯ ಜೊತೆ ಹಿಟ್ಟಿನ ಗಿರಣಿಗೆ ಹೋದಳು.

ತಿರುಗಿ ಬಂದಾಗ ಎತ್ತಿನ ಅಚ್ಚಿನ ಕೆಳಗೆ ಒಂದು ಕಾರ್ಡು ಇತ್ತು.

ಬಂದು ಹೋಗಿದ್ದಾನೆ! ರತ್ನ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾರ್ಡನ್ನು ಎತ್ತಿಕೊಂಡಳು. ಹಸಿರು ಕಬ್ಬಿನ ನಡುವೆ ಅಕ್ಕಪಕ್ಕ ನಿಂತ ಜೋಡಿ ಎತ್ತು...

ಸುತ್ತಲೂ ಕರಿ ಅಂಚು! ಎತ್ತಿನ ಹಣೆಗೆ ಕರಿ ಬೊಟ್ಟು!

ಅವಳು ಕಾರ್ಡನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು.

"ಅಯ್ಯೋ ಶಿವನೇ!" ಸಾಕಮ್ಮ ಬಾಯಿ ಬಾಯಿ ಬಡಿದುಕೊಂಡರು. "ಯಾರ ಮನೇಲಿ ಏನಾಯ್ತೇ? ಹಬ್ಬದ ಹೊತ್ನಲ್ಲಿ ಸಾವಿನ ಕಾಗದ! ಹರಿದು ಆಚೆ ಬಿಸಾಕು, ಅದು ಮನೆ ಒಳಗೆ ಇರಬಾರ್ದು!"

ಕರಿ ಅಂಚಿನ ಕಾಗದ ಯಾವುದಕ್ಕೆ ಬರುತ್ತದೆ ಎಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಅವನಿಗೆ ಗೊತ್ತಿರಲಿಲ್ಲವೇ?

'ಬೇಡ ಅಂದಿದ್ರೆ ಸಾಕಾಗಿತ್ತು. ಹಿಂಗ್ಯಾಕೆ? ಇಲ್ಲಿಗೆ ಎಲ್ಲಾ ಸತ್ತೋಯ್ತು ಅಂತಲಾ? ಹಂಗಾದ್ರೆ ಜೋಡಿ ಎತ್ತು ಯಾಕೆ ಒತ್ತಿದ? ನಾನೇನು ತಪ್ಪು ಮಾಡ್ದೆ...'

ಅವಳು ಕಾರ್ಡನ್ನು ಹರಿಯಲಿಲ್ಲ. ಹರಿಯಲು ಕೈ ಬರಲಿಲ್ಲ.

ಮರುದಿನ ಭೋಗಿ. ಅವನು ಲಕೋಟೆಗಳನ್ನು ಒಯ್ಯಲು ಬಂದ. ಹೊಸ ಅಂಗಿ ತೊಟ್ಟಿದ್ದ, ಮುಖದ ತುಂಬ ನಗು! ಅದನ್ನು ಕಂಡು ರತ್ನಳಿಗೆ ಇನ್ನಷ್ಟು ಗೊಂದಲವಾಯಿತು.

"ಕಾರ್ಡ್ ನೋಡಿದ್ರಾ?"

"ನೋಡ್ದೆ." ಅವಳು ಕಾರ್ಡನ್ನು ಲಕೋಟೆಗಳ ಮೇಲಿಟ್ಟು ಮುಂದಕ್ಕೆ ನೂಕಿದಳು. "ತಗೊಂಡ್ ಹೋಗಿ. ಇಂಥದ್ದು ನಮ್ಮನೇಲಿ ಇಟ್ಕೊಳ್ಳಲ್ಲ."

ಅವನ ನಗು ಮೆಲ್ಲಗೆ ಇಳಿಯಿತು. "ಅಂದ್ರೆ... ಅಮ್ಮನ್ನ ಕರ್ಕೊಂಡು ಬರೋದ್ ಬೇಡ ಅಂತಾನಾ?"

"ಬೇಡ."

ಅವನು ಕಾರ್ಡನ್ನು ಜೇಬಿಗಿಟ್ಟುಕೊಂಡು ಲಕೋಟೆಗಳನ್ನು ಎತ್ತಿಕೊಂಡ. "ಸರಿ ಬಿಡ್ರಿ. ನಿಮ್ದೇನೂ ತಪ್ಪಿಲ್ಲ. ಸಾಯಂಕಾಲದ ಬಸ್ಸಿಗೆ ಊರಿಗೆ ಹೋಗ್ತೀನಿ," ಎಂದು ಸೈಕಲ್ ಹತ್ತಿದ. ಈ ಸಲ ತಿರುಗಿ ನೋಡಲಿಲ್ಲ.

* * *

ಜಯರಾಮಯ್ಯನವರಿಗೆ ಕೊಡಬೇಕಾದ ಕೊನೆಯ ಕಾರ್ಡುಗಳು ಬಾಕಿ ಇದ್ದವು. ಅಳು ನುಂಗಿಕೊಂಡು ರತ್ನ ಜಗುಲಿಯಲ್ಲಿ ಕೂತಳು. ಎತ್ತಿನ ಹಣೆಗೆ ಬೊಟ್ಟಿಡಲು ಸಣ್ಣ ಅಚ್ಚನ್ನು ಎಡಗಡೆಯ ಡಬ್ಬಿಗೆ ಅದ್ದಿ ಒತ್ತಿದಳು.

ಕಪ್ಪು!

"ಥೂ, ನನ್ ಕೈಗಿಷ್ಟು..."

ಅವಳು ಆ ಕರಿ ಬೊಟ್ಟನ್ನೇ ನೋಡಿದಳು. ಎಡಗಡೆ ಎಂದರೆ ಕೆಂಪು ಎಂದು ಕೈಗೆ ಅಭ್ಯಾಸವಾಗಿಹೋಗಿದೆ. ತಾನೇ ಡಬ್ಬಿ ಬದಲಾಯಿಸಿದ್ದು ತನಗೇ ಮರೆತುಹೋಗಿದೆ!

ಅವನ ಕೈಯೂ ಹಾಗೇ ಹೋಗಿರಬಹುದಲ್ಲವೇ?

'ಆದ್ರೆ ನಂಗೆ ಒತ್ತಿದ ತಕ್ಷಣ ಕಣ್ಣಿಗೆ ಕಾಣಿಸ್ತು. ಅವ್ನು ಸುತ್ತಲೂ ಅಂಚು ಪೂರ್ತಿ ಕಟ್ಟಿದಾನೆ. ಅವನಿಗ್ಯಾಕೆ ಕಾಣಿಸ್ಲಿಲ್ಲ?'

ಕೈಯಲ್ಲಿದ್ದ ಅಚ್ಚು ಮಣೆಯ ಮೇಲೆ ಬಿತ್ತು. ಮೊನ್ನೆಯ ಸೀರೆ... ಹಸಿ ಮೆಣಸಿನಕಾಯಿ... ಹಂಗೇ ಇರ್ಲಿ ಬಿಡ್ರಿ, ಸಾಲು ಕೆಡಿಸ್ಬೇಡಿ...

"ಅಯ್ಯೋ ದೇವರೇ!"

ಕೆಂಪು ಮತ್ತು ಕಪ್ಪು ಡಬ್ಬಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳು ಓಡಿದಳು.

"ಎಲ್ಲೋಯ್ತಿದೀಯೇ, ಹಬ್ಬದ ಕೆಲ್ಸ ಬಿಟ್ಟು?" ಸಾಕಮ್ಮ ಒಳಗಿನಿಂದ ಕೂಗಿದರು.

"ಬಂದೇ ಅಮ್ಮಾ... ಎಲ್ಲಾ ಬಂದ್ ಹೇಳ್ತೀನಿ!"

ಬಸ್ ನಿಲ್ದಾಣದ ತುಂಬ ಕಬ್ಬಿನ ಜಲ್ಲೆಗಳು, ಅರಿಶಿನದ ಗಿಡಗಳು, ಊರಿಗೆ ಹೊರಟ ಜನ. ಮಾಲೂರಿನ ಬಸ್ಸಿನ ಪಕ್ಕದಲ್ಲಿ ಅವನು ಕೈಚೀಲ ಹಿಡಿದು ನಿಂತಿದ್ದ.

"ನರಸಿಂಹಪ್ಪನವ್ರೇ!"

ಅವನು ಬೆಚ್ಚಿ ತಿರುಗಿದ. ರತ್ನ ಏದುಸಿರು ಬಿಡುತ್ತ ಎರಡೂ ಡಬ್ಬಿಗಳನ್ನು ತೆರೆದು ಅವನ ಮುಂದೆ ಹಿಡಿದಳು.

"ಇದ್ರಲ್ಲಿ ಕೆಂಪು ಯಾವ್ದು ಹೇಳಿ."

ಅವನು ಡಬ್ಬಿಗಳನ್ನು ನೋಡಿದ, ಅವಳನ್ನು ನೋಡಿದ, ನೆಲ ನೋಡಿದ.

"ಹೇಳಿ..."

"ಗೊತ್ತಾಗಲ್ಲ ಕಣ್ರೀ," ಎಂದ. ದನಿ ಬಸ್ಸಿನ ಸದ್ದಿನಲ್ಲಿ ಮುಳುಗಿ ಎದ್ದಿತು. "ಹುಟ್ಟಿದಾಗಿಂದ ಹಿಂಗೇ. ಕೆಂಪು, ಕಪ್ಪು ಎರಡೂ ಒಂದೇ ಥರ ಕಾಣ್ತವೆ. ಹಸಿರೂ ಕೆಲವು ಸಲ ಮೋಸ ಮಾಡ್ತದೆ. ಊರಲ್ಲಿ ಒಂದು ಸಂಬಂಧ ಕೂಡಿ ಬಂದಿತ್ತು. ಕಣ್ಣು ಸರಿಯಿಲ್ಲದ ಗಂಡು ಅಂತ ಅವ್ರು ಎದ್ದು ಹೋಗ್ಬುಟ್ರು. ಅದಕ್ಕೇ ನಿಮ್ಮತ್ರ ಬಾಯಿ ಬಿಡಲಿಲ್ಲ. ನಿಮ್ಗೆ ಹೆಂಗೋ ಗೊತ್ತಾಗ್ಬುಟ್ಟು ಬೇಡ ಅಂದ್ರಿ ಅಂದ್ಕೊಂಡೆ..."

"ನಿಮ್ಮ ಕಣ್ಣು ನೋಡಿ ಬೇಡ ಅನ್ಲಿಲ್ಲ ರೀ! ನೀವು ನಂಗೆ ಕರಿ ಅಂಚಿನ ಕಾರ್ಡ್ ಕೊಟ್ರಿ!"

"ಕರಿದಾ?!" ಅವನು ಕಾರ್ಡನ್ನು ಜೇಬಿನಿಂದ ಕಿತ್ತಂತೆ ತೆಗೆದ. "ಕುಂಕುಮದ ಬಣ್ಣದಲ್ಲಿ ಕಟ್ಟಿದೆ ಕಣ್ರೀ! ಎಡಗಡೆ ಡಬ್ಬೀದು... ಅಮ್ಮನಾಣೆ!"

"ಎಡಗಡೆ ಡಬ್ಬೀನ ನಾನೇ ಬದಲಾಯಿಸಿದ್ದೆ," ಎಂದಳು ರತ್ನ. ಹೇಳುವಾಗಲೇ ಅಳು ನುಗ್ಗಿ ಬಂತು. "ತಪ್ಪು ನಂದೇ. ನೀವು ಸಾಲು ಕೆಡಿಸ್ಬೇಡಿ ಅಂತ ಅಷ್ಟು ಹೇಳ್ತಿದ್ರೂ..."

ಇಬ್ಬರೂ ಆ ಕಾರ್ಡನ್ನು ನೋಡುತ್ತ ನಿಂತರು. ಕಂಡಕ್ಟರ್ ಮೆಟ್ಟಿಲಿಂದ ಕೂಗಿದ. "ಏನಮ್ಮಾ, ಬಸ್ಸಿಗೆ ಏರ್ತೀಯಾ, ಇಲ್ಲಾ ಇಲ್ಲೇ ಮಸಿ ವ್ಯಾಪಾರಾನಾ? ಸೀಕ್ರಂ, ಬೇಗ!"

ರತ್ನ ಕಣ್ಣೊರೆಸಿಕೊಂಡಳು. ಹೆಬ್ಬೆರಳನ್ನು ಕೆಂಪು ಡಬ್ಬಿಗೆ ಒತ್ತಿ, ಕಾರ್ಡಿನ ನಾಲ್ಕು ಮೂಲೆಗೂ ಕರಿ ಅಂಚಿನ ಮೇಲೆಯೇ ಒಂದೊಂದು ಗುರುತು ಮೂಡಿಸಿದಳು. ಆಮೇಲೆ ಎರಡೂ ಎತ್ತುಗಳ ಹಣೆಗೆ.

"ಮುಟ್ಬೇಡಿ, ಇನ್ನೂ ಆರಿಲ್ಲ," ಎಂದಳು.

ಅವನು ಕೈಚೀಲ ಕೆಳಗಿಟ್ಟು ಜೇಬಿನ ಒಳಗಿಂದ ಇನ್ನೊಂದು ಕಾರ್ಡನ್ನು ತೆಗೆದ. ಅಂಗಡಿಯಲ್ಲಿ ಕೊಂಡಿದ್ದ, ತನ್ನದೇ ಬೆರಳಿನ ಗುರುತಿದ್ದ ಕಾರ್ಡು! ಎರಡನ್ನೂ ಅಂಗೈ ಮೇಲೆ ಅಕ್ಕಪಕ್ಕ ಇಟ್ಟುಕೊಂಡ.

"ಎರಡೂ ಒಂದೇ ಬಣ್ಣಾನಾ?" ಎಂದು ಸಣ್ಣ ದನಿಯಲ್ಲಿ ಕೇಳಿದ.

"ಒಂದೇ."

ಅವನ ಕಣ್ಣು ತುಂಬಿತು. "ರತ್ನಾ... ನೀವು ಅವತ್ತು ಉಟ್ಟಿದ್ದು ಬೇರೆ ಸೀರೇನಾ ಹಂಗಾದ್ರೆ?"

"ಹೊಸಾ ಸೀರೆ! ನಿಮಗೋಸ್ಕರ ಉಟ್ಟಿದ್ದೆ!" ಎಂದು ಗದರಿದಳು. ಗದರುತ್ತಲೇ ನಕ್ಕುಬಿಟ್ಟಳು. "ಇನ್ಮೇಲೆ ನಾನೇ ಹೇಳಿ ಉಡ್ತೀನಿ ಬಿಡಿ. ಕೆಂಪು ಡಬ್ಬಿ ಮುಚ್ಚಳಕ್ಕೂ ಮೊಳೇಲಿ ಒಂದು ಗುರುತು ಕೊರೀತೀನಿ. ಬೆರಳಿಗೆ ಸಿಗೋ ಹಂಗೆ."

ಬಸ್ಸು ಗುರುಗುಟ್ಟಿತು. ಅವನು ಮೆಟ್ಟಿಲೇರಿ, ಕಂಬಿ ಹಿಡಿದು ಬಾಗಿದ.

"ಹಬ್ಬ ಮಾಡ್ಕೊಂಡು ಅಮ್ಮನ್ನ ಕರ್ಕೊಂಡು ಬತ್ತೀನಿ. ರಾಯಕೋಟೆಯವರು?"

"ಹಬ್ಬಕ್ಕೆ ಅಪ್ಪ ಬತ್ತಾರೆ, ಇವತ್ತೇ ಅವರ ಹತ್ರ ಬಾಯಿ ಬಿಡ್ತೀನಿ. ನೀವು ಅಮ್ಮನ್ನ ಕರ್ಕೊಂಡು ಬನ್ನಿ, ದಾರಿ ತಪ್ಬೇಡಿ."

"ಹೆಂಗ್ರೀ ತಪ್ತೀನಿ? ಬೀದಿಗೆ ತಿರುಗಿದ್ರೆ ಎಡಗಡೆ ಮೊದಲ್ನೇದು," ಎಂದ ಅವನು. ಬಸ್ಸು ಹೊರಟಿತು. ಮೆಟ್ಟಿಲಿಂದಲೇ ತಲೆ ಹೊರಗೆ ಹಾಕಿ ಕೂಗಿದ. "ಅದನ್ನೂ ಸರಿಸ್ಬುಟ್ಟೀರಾ ಮತ್ತೆ!"

"ಇಲ್ಲಾರೀ!" ಎಂದು ರತ್ನ ಕೂಗಿದಳು, ಕೆಂಪಾದ ಹೆಬ್ಬೆರಳನ್ನು ಎತ್ತಿ ತೋರಿಸುತ್ತ. "ಅದು ಹಂಗೇ ಇರತ್ತೆ!"