ಕೆಂಪು ಬಾಲದ ಗಿಣಿ

ಮಹಿಮಾ ಸ್ಟೂಲಿನ ಮೇಲೆ ನಿಂತು, ಎರಡೂ ಕೈ ಮೇಲೆತ್ತಿ, ಬಾಗಿಲ ತೋರಣದ ಗಂಟಿನ ಜತೆ ಗುದ್ದಾಡುತ್ತಿದ್ದಾಗ ಬೆನ್ನ ಹಿಂದೆ ನೋಡಲು ಬಂದ ಹುಡುಗನ ದನಿ ಕೇಳಿಸಿತು.

"ನಾವು ಬರ್ತೀವಿ ಅಂತ ಕಟ್ತಾ ಇದೀರೋ, ಬಂದ್ಬಿಟ್ವಲ್ಲ ಅಂತ ಬಿಚ್ತಾ ಇದೀರೋ?"

ಗಂಟು ಬಿಚ್ಚಿತು. ತೋರಣವೆಲ್ಲ ಸರ್ರನೆ ಅವಳ ತೋಳಿನ ಮೇಲೆ ಬಿತ್ತು. ಹೆಣ್ಣು ನೋಡಲು ಬಂದವರ ಎದುರು ಹೆಣ್ಣು ಸ್ಟೂಲಿನ ಮೇಲೆ ನಿಂತ ಸಂಗತಿ ಕೊಪ್ಪದಲ್ಲಿ ಇದೇ ಮೊದಲಿರಬೇಕು.

"ಧೂಳು ಹೊಡೀತಿದ್ದೆ" ಎಂದಳು. ಇಳಿದು, ತೋರಣವನ್ನು ಸೆರಗಿನಡಿ ಮುದ್ದೆ ಮಾಡಿಕೊಂಡು ಒಳಗೆ ಓಡಿದಳು.

ಐದು ನಿಮಿಷದ ಹಿಂದೆ ತಿರುವಿನಲ್ಲಿ ಓಮ್ನಿ ನಿಂತಾಗ ಅವಳು ಅಡುಗೆಮನೆ ಕಿಟಕಿಯಲ್ಲಿದ್ದಳು. ಸಂಬಂಧ ತಂದ ತ್ರ್ಯಂಬಕ ಭಟ್ಟರು ಹೇಳಿದ್ದಿಷ್ಟೇ: "ಶೃಂಗೇರಿ ಮಾಣಿ. ಫೋಟೊ ಸ್ಟುಡಿಯೊ ಇದೆ. ಊರವರದ್ದೆಲ್ಲ ಫೋಟೊ ತೆಗೀತಾನೆ, ತನ್ನದೊಂದು ಇಟ್ಕೊಂಡಿಲ್ಲ ನೋಡಿ." ಓಮ್ನಿಯಿಂದ ಮೊದಲು ಇಳಿದವನು ಕಶ್ಯಪ. ಮಹಿಮಾಳ ಕೈಯ ಸಟ್ಟುಗ ಅಲ್ಲೇ ನಿಂತಿತು. ಎರಡನೆಯದಾಗಿ ಇಳಿದವರು ದಾಕ್ಷಾಯಣಮ್ಮ. ಸಟ್ಟುಗ ಬಿದ್ದೇ ಬಿತ್ತು.

ಕಳೆದ ತಿಂಗಳು ಬಸರೀಕಟ್ಟೆಯಲ್ಲಿ ಗೆಳತಿ ಗಗನಾಳ ನಿಶ್ಚಿತಾರ್ಥ ನಡೆದಿತ್ತು. ವರ ದಾಕ್ಷಾಯಣಮ್ಮನವರ ಮಗ. ಕ್ಯಾಮೆರಾ ಹಿಡಿದವನು ಅವರ ಮೈದುನನ ಮಗ ಕಶ್ಯಪ. ಗುಂಪಿನ ಫೋಟೊಗೆ ನೆಂಟರನ್ನು ನಿಲ್ಲಿಸುವಾಗ ಅವನ ಬಾಯಲ್ಲಿ ಬಸ್ ಕಂಡಕ್ಟರ್ ಬಂದು ಕೂತಿದ್ದ. "ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯ ಖಾಲಿ ಇದೆ. ಚಿಲ್ಲರೆ ನಗು ಇದ್ದವರು ಮೊದಲೇ ತೆಗೆದಿಟ್ಕೊಳಿ." ಮಹಿಮಾಗೆ ಮೂಗಿನಲ್ಲಿ ನಗು ಬಂತು. ಅವನು ಕ್ಯಾಮೆರಾದಿಂದ ಕಣ್ಣು ತೆಗೆದು ಅವಳನ್ನೇ ನೋಡಿದ್ದ. ಆ ನೋಟವನ್ನು ಅವಳು ಅಂದಿನಿಂದ ಮಡಿಸಿ, ಬಿಡಿಸಿ, ಮಡಿಕೆಯೇ ಹರಿಯುವಷ್ಟು ಸಲ ನೋಡಿಕೊಂಡಿದ್ದಳು.

ವರನಾಗಿ ಅವನೇ ಬಂದಿದ್ದ. ಆದರೆ ಬಾಗಿಲ ಮೇಲೆ ಆ ತೋರಣವಿತ್ತು.

ಹೆಣ್ಣು ನೋಡುವ ದಿನ ಹುಡುಗಿಯ ಕೈಕೆಲಸವನ್ನೆಲ್ಲ ನಡುಮನೆಯಲ್ಲಿ ಜೋಡಿಸಿಡುವುದು ಆ ಕಡೆಯ ರೂಢಿ. ವೈರಿನ ಬುಟ್ಟಿ, ಉಲ್ಲನ್ನಿನ ನಾಯಿಮರಿ, ಬಳೆಚೂರಿನ ಹೂಕುಂಡ. ಕೈಕೆಲಸ ಬಾರದವಳ ಮನೆಗೆ ಬಲ್ಲವಳ ಮನೆಯಿಂದ ಎರವಲು ಹೋಗುವುದೂ ರೂಢಿಯೇ. ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಗನಾಳಿಗೆ ಸೂಜಿಗೆ ದಾರ ಪೋಣಿಸಲು ಬಾರದು, ಮಾತು ಪೋಣಿಸಲು ಬರುತ್ತಿತ್ತು. ಮಹಿಮಾ ಗಾಜಿನ ಮಣಿಯಲ್ಲಿ ಮಾಡಿದ ಗಿಣಿ ತೋರಣ ಹೀಗೆ ಬಸರೀಕಟ್ಟೆಗೆ ಹೋಗಿ ಗಗನಾಳದ್ದಾಯಿತು.

ಹಸಿರು ಗಿಣಿಗಳ ಸಾಲಿನ ನಡುವೆ ಒಂದಕ್ಕೆ ಮಾತ್ರ ಕೆಂಪು ಬಾಲ. ಗಗನಾಳನ್ನು ನೋಡಲು ಬಂದ ದಿನ ಯಾಕೆಂದು ದಾಕ್ಷಾಯಣಮ್ಮ ಕೇಳಿದ್ದರು. "ದೃಷ್ಟಿ ತಾಗಬಾರ್ದಲ್ಲ, ಅದಕ್ಕೆ" ಎಂದಿದ್ದಳು ಗಗನಾ. ಇಷ್ಟು ತಾಳ್ಮೆ, ಇಷ್ಟು ಬುದ್ಧಿ ಇರುವ ಕೂಸು ನಮ್ಮ ಮನೆಗೇ ಬೇಕು ಎಂದು ಅವರು ಅಲ್ಲಿಯೇ ಮಾತು ಕೊಟ್ಟರು. ಮದುವೆಗೆ ಇನ್ನು ಕೆಲವೇ ವಾರ. ತೋರಣ ಮೊನ್ನೆಯಷ್ಟೇ ಹಿಂದಿರುಗಿತ್ತು. ಇವತ್ತು ಮಹಿಮಾ ಜಡೆ ಹಾಕಿಕೊಳ್ಳುವಾಗ ಅವಳ ಅಮ್ಮ ಸುಮಿತ್ರಮ್ಮ ಅದನ್ನು ಹೆಮ್ಮೆಯಿಂದ ಬಾಗಿಲಿಗೆ ಕಟ್ಟಿದ್ದರು.

ನನ್ನದು ಎಂದರೆ ಗಗನಾಳ ಮದುವೆ ಮುರಿಯುತ್ತದೆ. ನನ್ನದಲ್ಲ ಎಂದರೆ ನನ್ನ ಹೆಸರು ಕೆಡುತ್ತದೆ. ಕಾಫಿ ಲೋಟಗಳು ತಟ್ಟೆಯ ಮೇಲೆ ಕಿಣಿಕಿಣಿ ಎನ್ನುತ್ತಿದ್ದವು. ಅವಳು ತಟ್ಟೆಯನ್ನು ಎದೆಗೆ ಒತ್ತಿ ಹಿಡಿದಳು. ಎದೆಯೂ ಕಿಣಿಕಿಣಿ.

"ಇದೆಲ್ಲ ನಮ್ಮ ಕೂಸೇ ಮಾಡಿದ್ದು" ಎನ್ನುತ್ತಿದ್ದರು ಸುಮಿತ್ರಮ್ಮ. "ಆ ಗಿಣಿ ತೋರಣ ಎಲ್ಲೇ ಮಹಿಮಾ? ಈಗಿನ್ನೂ ಕಟ್ಟಿದ್ನಲ್ಲ."

"ದಾರ ಸಡಿಲ ಆಗಿದೆ ಅಮ್ಮ."

"ಸಡಿಲ ಆದ್ರೆ ಎಂತಾಯ್ತು? ನೋಡೋದಕ್ಕೆ ದಾರ ಬಿಗಿ ಇರ್ಬೇಕಾ? ತಗಂಡ್ ಬಾ" ಎಂದರು ದಾಕ್ಷಾಯಣಮ್ಮ. ತಾಯಿಯಿಲ್ಲದ ಕಶ್ಯಪನನ್ನು ಬೆಳೆಸಿದವರು ಅವರು. ಆ ಮನೆಯಲ್ಲಿ ಅವರು ಹೂಂ ಅಂದರೆ ಹೂಂ, ಊಹೂಂ ಅಂದರೆ ಮುಗಿಯಿತು.

ತರದೆ ವಿಧಿಯಿರಲಿಲ್ಲ. ತೋರಣ ಚಾಪೆಯ ಮೇಲೆ ಬಿಚ್ಚಿಕೊಂಡಿತು. ಕೆಂಪು ಬಾಲ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬಿತ್ತು.

ದಾಕ್ಷಾಯಣಮ್ಮ ಕನ್ನಡಕ ಸರಿಮಾಡಿಕೊಂಡರು. "ಇದು ಗಗನಾನ ಮನೇಲಿ ಇದ್ದಿದ್ದಲ್ದಾ?"

"ಅಯ್ಯೋ ಹೌದು, ಅದೇ, ನಾವೇ ಅವರಿಗೆ..." ಸುಮಿತ್ರಮ್ಮ ಸಂಭ್ರಮದಿಂದ ಶುರುಮಾಡಿದರು.

"ಗಗನಾದ್ದೇ" ಎಂದಳು ಮಹಿಮಾ. ದನಿ ತನ್ನದಲ್ಲವೆನಿಸಿತು. "ಇವತ್ತಿಗೆ ಅಂತ ನಾನೇ ಕೇಳಿ ತಂದಿದ್ದು."

ಸುಮಿತ್ರಮ್ಮನವರ ಬಾಯಿ ತೆರೆದದ್ದು ಹಾಗೇ ಉಳಿಯಿತು. ಮಗಳ ಮುಖ ನೋಡಿ ಏನೋ ಅರ್ಥವಾದಂತೆ ಮುಚ್ಚಿತು.

"ಹಂಗಾದ್ರೆ ಆ ಬುಟ್ಟಿ ಯಾರದ್ದು? ಆ ನಾಯಿಮರಿ?" ದಾಕ್ಷಾಯಣಮ್ಮ ಲೋಟ ಕೆಳಗಿಟ್ಟರು. ಅರ್ಧ ಕಾಫಿ ಹಾಗೇ ಇತ್ತು. "ಇರ್ಲಿ ಬಿಡು. ಕೇಳಬಾರದಿತ್ತು."

ಮಹಿಮಾ ನೆಲ ನೋಡಿದಳು. ಕಶ್ಯಪನತ್ತ ನೋಡಲು ಧೈರ್ಯ ಸಾಲಲಿಲ್ಲ. ಅವನು ಎದ್ದು ಹೋಗುತ್ತಾನೆ, ಓಮ್ನಿ ತಿರುಗುತ್ತದೆ. ಆಮೇಲೆ ಬಸ್ಸಿನಲ್ಲಿ ಕಂಡಕ್ಟರ್ 'ಒಳಗೆ ಹೋಗಿ' ಎಂದಾಗಲೆಲ್ಲ ಇವನೇ ನೆನಪಾಗುತ್ತಾನೆ.

"ಚೆನ್ನಾಗಿದೆ, ಮಾರಾಯ್ರೇ" ಎನ್ನುತ್ತ ಕಶ್ಯಪ ಬಗ್ಗಿ ತೋರಣ ಎತ್ತಿದ. ಬೆಳಕಿಗೆ ಹಿಡಿದ. ಕೆಂಪು ಬಾಲದ ತುದಿಯ ದಾರವನ್ನು ಬೆರಳಿಗೆ ಸುತ್ತಿಕೊಂಡ. ಟಪ್ ಎಂದಿತು. ಕೆಂಪು, ಹಸಿರು, ಕಪ್ಪು ಮಣಿಗಳು ನೆಲದ ತುಂಬ ಚೆಲ್ಲಾಡಿದವು.

"ಎಂತ ಮಾಡಿದ್ಯೋ ಮಾಣಿ! ಬೇರೆಯವರ ವಸ್ತು."

"ಕೈ ತಪ್ಪಿತು ದೊಡ್ಡಮ್ಮ."

ಕೈ ತಪ್ಪಿರಲಿಲ್ಲ. ಮಹಿಮಾ ನೋಡಿದ್ದಳು. ಮಣಿ ಹೆಕ್ಕಲು ಇಬ್ಬರೂ ಮಂಡಿಯೂರಿದರು. ಮೇಜಿನ ಕೆಳಗೆ ಎರಡು ತಲೆಗಳು ಒಂದೇ ಮಣಿಗೆ ಬಂದವು.

"ಯಾಕೆ ಕಿತ್ರಿ?" ಪಿಸುದನಿಯಲ್ಲಿ ಅಳುವಿತ್ತು.

"ನೀವು ಯಾಕೆ ಸುಳ್ಳು ಹೇಳಿದ್ರಿ?"

"ಸುಳ್ಳಲ್ಲ."

"ನಿಶ್ಚಿತಾರ್ಥದ ದಿನ ಎಲ್ಲರೂ ಊಟಕ್ಕೆ ಹೋದ್ಮೇಲೆ ನೀವು ಬಾಗಿಲಲ್ಲಿ ನಿಂತು ಈ ಗಿಣಿ ಬಾಲ ನೇರ ಮಾಡಿ, ಸೆರಗಲ್ಲಿ ಒರೆಸಿ, ತಟ್ಟಿ ಹೋದ್ರಿ. ನಾನು ಕ್ಯಾಮೆರಾ ಒಳಗಿಂದ ನೋಡ್ತಿದ್ದೆ. ಬೇರೆಯವರ ಮಗುವಿನ ಮೂಗನ್ನ ಯಾರೂ ತಮ್ಮ ಸೆರಗಲ್ಲಿ ಒರ್ಸಲ್ಲ."

ಅವಳ ಬೆರಳಿನಿಂದ ಮಣಿ ಜಾರಿತು. ಅವನು ಹಿಡಿದ.

"ದಯವಿಟ್ಟು ಹೇಳ್ಬೇಡಿ. ಗಗನಾಗೆ..."

"ನಾನು ಹೇಳಲ್ಲ. ನಾನು ಬಂದಿದ್ದು ತೋರಣ ನೋಡೋಕಲ್ಲ." ಅವನ ಕಿವಿ ಕೆಂಪಾಗಿತ್ತು, ತಮಾಷೆ ಒಂದು ಗಳಿಗೆ ಎಲ್ಲೋ ಹೋಗಿತ್ತು. "ಆ ಮೂಗಿನ ನಗು ಇನ್ನೊಂದ್ಸಲ ಕೇಳ್ಬೇಕಿತ್ತು. ತ್ರ್ಯಂಬಕ ಭಟ್ರ ಕಾಲು ಹಿಡಿದು ಈ ಮನೆ ಹುಡುಕಿಸಿದೀನಿ."

ಮೇಲಿನಿಂದ ದಾಕ್ಷಾಯಣಮ್ಮನವರ ದನಿ ಬಂತು. "ಮೇಜಿನ ಕೆಳಗೆ ಎಷ್ಟು ಮಣಿ ಇದಾವೆ ಹಂಗಾದ್ರೆ?"

ಇಬ್ಬರೂ ಎದ್ದರು. ಮಹಿಮಾ ಬಟ್ಟಲಲ್ಲಿ ಮಣಿ ಹಾಕಿದಳು. ಕಶ್ಯಪ ಗಂಭೀರವಾಗಿ, ತಾನೇ ನ್ಯಾಯಾಧೀಶನೆಂಬಂತೆ ಹೇಳಿದ. "ಗಗನಾ ನಮ್ಮನೆ ಸೊಸೆ ಆಗೋಳು. ಅವಳ ವಸ್ತು ಹಂಗೇ ಕೊಟ್ರೆ ಚೆನ್ನಾಗಿರಲ್ಲ. ಇವರಿಗೆ ಪೋಣ್ಸೋಕೆ ಬರುತ್ತಾ ನೋಡೋಣ."

ಮಹಿಮಾ ಸೂಜಿ ತಂದು ಕೂತಳು. ಮೊದಲ ಮಣಿ ಸೂಜಿಗೆ ಸಿಗಲಿಲ್ಲ. ಎರಡನೆಯದೂ ಸಿಗಲಿಲ್ಲ. ಮೂರನೆಯದು ಸಿಕ್ಕಿತು, ಆಮೇಲೆ ಬೆರಳಿಗೆ ತಾನೇ ನೆನಪಾಯಿತು. ದಾರ ಒಳಗೆ ಹೋಗಿ, ಹೊರಗೆ ಬಂದು, ಹಿಂದಿನ ಮಣಿಯನ್ನು ಅಪ್ಪಿ, ಮುಂದಿನದನ್ನು ಕರೆಯಿತು. ರೆಕ್ಕೆ ಮುಗಿದು ಬಾಲ ಶುರುವಾಯಿತು. ದಾಕ್ಷಾಯಣಮ್ಮ ಕುರ್ಚಿ ಹತ್ತಿರ ಎಳೆದುಕೊಂಡಿದ್ದು ಅವಳಿಗೆ ಗೊತ್ತಾಗಲಿಲ್ಲ.

"ಬಟ್ಟಲಲ್ಲಿ ಹಸಿರೂ ಇದೆ. ಮತ್ತೆ ಕೆಂಪೇ ಯಾಕೆ ತಗಂಡೆ?"

"ಆವತ್ತು ಅಂಗಡೀಲಿ ಹಸಿರು ಮುಗಿದುಹೋಗಿತ್ತು ಅಮ್ಮ, ಅವನು ಇನ್ನು ಮುಂದಿನ ತಿಂಗಳೇ ಅಂದ, ನಾನು..."

ಸೂಜಿ ನಿಂತಿತು.

ಸುಮಿತ್ರಮ್ಮ ಅಡುಗೆಮನೆ ಬಾಗಿಲನ್ನು ಹಿಡಿದುಕೊಂಡರು. ಕಶ್ಯಪನೂ ಈಗ ನಗುತ್ತಿರಲಿಲ್ಲ. ಮಹಿಮಾಳ ಕಣ್ಣು ತುಂಬಿ, ಗಿಣಿ ಹಸಿರು ಕೆಂಪಿನ ಕಲೆಯಾಯಿತು. ಗಗನಾಳನ್ನು ತಾನೇ ಕೈಯಾರೆ ಮುಳುಗಿಸಿದೆ.

"ಗಗನಾ ದೃಷ್ಟಿಗೆ ಅಂದಿದ್ದಳು" ಎಂದರು ದಾಕ್ಷಾಯಣಮ್ಮ ನಿಧಾನವಾಗಿ.

"ಅವಳದ್ದು ತಪ್ಪಿಲ್ಲ ಅಮ್ಮ. ಕೊಟ್ಟಿದ್ದು ನಾನು. ಬೈಯೋದಾದ್ರೆ ನನಗೆ ಬೈಯಿರಿ, ಅವಳ ಮದುವೆ..."

"ಮದುವೆಗೆ ಎಂತಾಗಿದೆ? ನಮ್ಮ ಮಗ ಹತ್ತು ಸಲ ಕೇಳಿದ್ರೆ ಒಂದು ಮಾತಾಡೋನು. ಅವನಿಗೆ ಆ ಬಾಯೇ ಬೇಕು. ತೋರಣ ಕಟ್ಕೊಂಡು ಸಂಸಾರ ಮಾಡ್ತಾನಾ?" ಅವರು ಆರಿದ ಕಾಫಿ ಎತ್ತಿ ಪೂರ್ತಿ ಕುಡಿದರು. "ಗೆಳತಿಗೋಸ್ಕರ ನಿನ್ನ ಕೈಕೆಲಸಾನೇ ನಂದಲ್ಲ ಅಂದ್ಯಲ್ಲೇ ಕೂಸೇ. ಆ ಗುಣಾನ ಯಾರ ಹತ್ರ ಎರವಲು ತಂದೆ?"

ಮಹಿಮಾ ಅತ್ತಳೋ ನಕ್ಕಳೋ, ಸದ್ದಂತೂ ಮೂಗಿನಿಂದಲೇ ಬಂತು. ಕಶ್ಯಪ ಗೋಡೆಯತ್ತ ತಿರುಗಿ ಮುಖ ಅಡಗಿಸಿಕೊಂಡ.

"ಸುಮಿತ್ರಮ್ಮ, ಇನ್ನೊಂದು ಲೋಟ ಬಿಸಿ ಕೊಡಿ. ಮಾತಾಡೋದಿದೆ. ತೋರಣದ ವಿಷಯ ಮಾತ್ರ ಈ ಚಾಪೆ ದಾಟಬಾರದು."

ಹೊರಡುವ ಹೊತ್ತಿಗೆ ಗಿಣಿ ಮುಗಿದಿತ್ತು. ಒಂದು ಕಣ್ಣಿನ ಜಾಗ ಮಾತ್ರ ಖಾಲಿ. ಮಹಿಮಾ ಚಾಪೆ ಕೊಡವಿದಳು, ಮೇಜಿನ ಕೆಳಗೆ ಕೈಯಾಡಿಸಿದಳು. ಕಪ್ಪು ಮಣಿ ಸಿಗಲಿಲ್ಲ. ಮತ್ತೆ ಆತಂಕವಾಗಿ ಜಗಲಿಗೆ ಬಂದಳು.

ಓಮ್ನಿಯ ಬಾಗಿಲು ಹಿಡಿದು ನಿಂತಿದ್ದ ಕಶ್ಯಪ ಮುಷ್ಟಿ ಬಿಚ್ಚಿದ. ಅಂಗೈ ಮೇಲೆ ಕಪ್ಪು ಮಣಿ ಇತ್ತು.

"ಕೊಡಿ" ಎಂದಳು.

"ಈಗ ಚಿಲ್ಲರೆ ಇಲ್ಲ" ಎಂದ, ಅದೇ ಕಂಡಕ್ಟರ್ ದನಿಯಲ್ಲಿ. "ನಮ್ಮ ನಿಶ್ಚಿತಾರ್ಥದ ದಿನ ಇಳಿಯೋವಾಗ ಕೊಡ್ತೀನಿ."

ಓಮ್ನಿ ತಿರುವು ದಾಟಿತು. ಮಹಿಮಾ ಸ್ಟೂಲು ಹತ್ತಿ ತೋರಣವನ್ನು ಮತ್ತೆ ಕಟ್ಟಿದಳು. ಈ ಸಲ ಬೇಗ ಬಿಚ್ಚದ ಗಂಟು ಹಾಕಿದಳು. ಒಕ್ಕಣ್ಣಿನ ಗಿಣಿ, ಕೆಂಪು ಬಾಲ ಅಲ್ಲಾಡಿಸುತ್ತ, ಶೃಂಗೇರಿಯ ದಾರಿಯನ್ನೇ ನೋಡುತ್ತಿತ್ತು.