ಸಿಗ್ನಲ್ ಸಿಗುವ ಟೆರೇಸು

ಕನ್ನಡಕದ ಕೀಲಿಗೆ ತುಕ್ಕು ಹಿಡಿಸಿಕೊಂಡು ಅವನು ಮೂರನೇ ಸಲ ನಮ್ಮ ಅಂಗಡಿಗೆ ಬಂದಾಗ ನನಗೆ ರೇಗಿಹೋಯಿತು.

"ಇದನ್ನ ಹಾಕ್ಕೊಂಡೇ ಸಮುದ್ರಕ್ಕೆ ಇಳೀತೀರಾ?"

"ಇಳಿಯೋದೇ ಬೇಡ, ಅಲ್ಲಿ ಉಸಿರಾಡಿದ್ರೆ ಸಾಕು. ಬಂದು ನೋಡಿ."

ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಏನೂ ಕಾಣದವನು ಅಷ್ಟು ಹೊತ್ತು ನೋಡಿದ್ದೇನನ್ನು ಎಂದು ಆಮೇಲೊಂದು ದಿನ ಕೇಳಿದೆ. ಸರಿಯಾಗಿ ಕಾಣಲಿಲ್ಲ, ಅದಕ್ಕೇ ನೋಡುತ್ತಿದ್ದೆ ಎಂದ. ಪುಸ್ತಕಗಳ ಕರಡು ತಿದ್ದುವವನು, ಮಾತಿಗೇನು ಬರ. ನಾನು ಅವನಿಗಿಟ್ಟ ಹೆಸರು ತುಕ್ಕು ಸಾಹೇಬರು. ಮದುವೆಯಾದ ಮೇಲೂ ಅದೇ ಉಳಿಯಿತು.

ಊರು ಮುಗಿದ ಮೇಲೊಂದು ತಗ್ಗಿನ ರಸ್ತೆ. ಉಬ್ಬರ ಬಂದರೆ ಅದು ಮುಳುಗುತ್ತಿತ್ತು, ಇಳಿದರೆ ಮತ್ತೆ ಕಾಣುತ್ತಿತ್ತು. ಅದರಾಚೆ ಅವನದೊಂದೇ ಮನೆ. ಮೊದಲ ಸಲ ಹೋದಾಗ ಕಿಟಕಿಯಿಂದ ಕಿಟಕಿಗೆ ಓಡಿದ್ದೆ, ಎಲ್ಲದರಲ್ಲೂ ಸಮುದ್ರ. ನೀರು ರಸ್ತೆಯನ್ನು ಮುಚ್ಚಿದಾಗಲೆಲ್ಲ ಅವನು ನನ್ನ ಕಿವಿಯ ಹತ್ತಿರ ಬಂದು, ಇನ್ನು ಯಾರೂ ಬರಲ್ಲ ಎನ್ನುತ್ತಿದ್ದ. ನನಗೆ ಮೈ ಜುಮ್ಮೆನ್ನುತ್ತಿತ್ತು. ಯಾರೂ ಬರುವುದಿಲ್ಲ ಎಂದರೆ ನಾವೂ ಹೋಗುವಂತಿಲ್ಲ ಎಂಬುದು ಆ ಮಂಪರಿನಲ್ಲಿ ಹೊಳೆಯಲೇ ಇಲ್ಲ.

ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ಬೀಗಗಳು ಕಚ್ಚಿಕೊಳ್ಳುತ್ತಿದ್ದವು. ಅಂಗಡಿಗೆ ಯಾವಾಗ ಹೊರಡಬೇಕೆಂದು ನೀರು ಹೇಳಬೇಕಿತ್ತು. ಬಂದ ನೆಂಟರು ಸ್ವರ್ಗ ಸ್ವರ್ಗ ಎಂದು ಫೋಟೋ ತೆಗೆದು, ರಸ್ತೆ ಮುಳುಗುವ ಮೊದಲೇ ಕಾಲ್ತೆಗೆಯುತ್ತಿದ್ದರು. ಫೋನಿಗೆ ಸಿಗ್ನಲ್ ಟೆರೇಸಿನಲ್ಲಿ ಮಾತ್ರ. ನಾನು ಗೊಣಗುತ್ತಿದ್ದೆ, ಅವನು ರಮಿಸುತ್ತಿದ್ದ, ಮತ್ತೆ ಇಬ್ಬರೂ ಕಿಟಕಿಯ ಹತ್ತಿರ ಕೂರುತ್ತಿದ್ದೆವು.

ಮರುವರ್ಷ ಅಪ್ಪ ಆಸ್ಪತ್ರೆ ಸೇರಿದರು. ಅಕ್ಕ, ನಾನು ಸರದಿಯ ಮೇಲೆ ನೋಡಿಕೊಂಡೆವು. ಗಂಡಾಂತರ ಕಳೆಯಿತು ಎಂದು ಡಾಕ್ಟರು ಹೇಳಿದ ಮೇಲೆ, ಮನೆಗೆ ಹೋಗಿ ಸ್ವಲ್ಪ ನಿದ್ದೆ ಮಾಡು ಎಂದು ಅಕ್ಕನೇ ನನ್ನನ್ನು ಅಟ್ಟಿದಳು. ನನ್ನ ಫೋನನ್ನು ಉಪ್ಪುಗಾಳಿ ತಿಂದುಹಾಕಿತ್ತು. ಏನಿದ್ದರೂ ಅವನ ನಂಬರಿಗೆ ಮಾಡು ಎಂದು ಹೇಳಿ ಬಂದೆ.

ಆ ಸಂಜೆ ಅವನು ಟೆರೇಸಿಗೆ ಹೋಗಿ ಇಳಿದು ಬಂದ. ಅಕ್ಕ ಮಾಡಿದ್ದಳಾ ಎಂದು ಕೇಳಿದೆ.

"ಮಾಡಿದ್ರು. ಆರಾಮಾಗಿದಾರಂತೆ."

ಎಷ್ಟೋ ದಿನದ ಮೇಲೆ ನಕ್ಕೆ. ಅವನ ತೊಡೆಯ ಮೇಲೆ ತಲೆಯಿಟ್ಟೆ. ಅವನು ನನ್ನ ಕೂದಲಲ್ಲಿ ಬೆರಳಾಡಿಸುತ್ತ ಕಣ್ಣು ಕೀಳದೆ ನೋಡುತ್ತಿದ್ದ. ಏನು ಎಂದರೆ ಸುಮ್ಮನೆ ಎಂದ. ಹಾಳಾದ್ದು, ನಮ್ಮ ಬಾಳಿನ ಅತಿ ಚೆಂದದ ಸಂಜೆ ಅದೇ.

ಬೆಳಗಾಗುವುದರೊಳಗೆ ಅಪ್ಪ ಹೋಗಿಬಿಟ್ಟಿದ್ದರು.

ಎಲ್ಲ ಮುಗಿದ ಮೇಲೆ, ಅಪ್ಪನ ಮನೆಯ ಅಡುಗೆಕೋಣೆಯಲ್ಲಿ ಅಕ್ಕ ನನ್ನ ಮೇಲೆ ಸಿಡಿದಳು. ಸಂಜೆಯೇ ಫೋನ್ ಮಾಡಿ, ಅಪ್ಪನಿಗೆ ಜಾಸ್ತಿಯಾಗಿದೆ, ಅವಳ ಹತ್ತಿರ ಮಾತಾಡಬೇಕಂತೆ, ಕೊಡಿ ಎಂದಿದ್ದಳಂತೆ. ಕರೆಯುತ್ತೇನೆ ಎಂದು ಇಟ್ಟವನು ಮತ್ತೆ ಫೋನ್ ಎತ್ತಲೇ ಇಲ್ಲವಂತೆ.

ಅವನು ಬಾಗಿಲಲ್ಲೇ ನಿಂತಿದ್ದ. ಅಕ್ಕ ಅವನನ್ನು ದಾಟಿಕೊಂಡು ಹೊರಗೆ ಹೋದಳು.

"ನೀರು ಏರಿತ್ತು. ಹೇಳಿದ್ರೂ ನಿಂಗೆ ಹೋಗೋಕಾಗ್ತಿರಲಿಲ್ಲ. ರಾತ್ರಿಯೆಲ್ಲ ಆ ನೀರು ನೋಡ್ಕೊಂಡು ಅಳ್ತಿದ್ದೆ ನೀನು. ಒಂದು ರಾತ್ರಿನಾದ್ರೂ ನಿದ್ದೆ ಮಾಡ್ಲಿ ಅಂತ..."

"ರಸ್ತೆ ಮುಳುಗಿತ್ತು, ಒಪ್ಪಿದೆ. ಟೆರೇಸಿನ ಮೆಟ್ಟಿಲೂ ಮುಳುಗಿತ್ತಾ?"

ಅವನು ತಲೆ ತಗ್ಗಿಸಿದ. ಆ ಮನೆಯನ್ನು ಮಾರಿಬಿಡುತ್ತೇನೆ, ಊರೊಳಗೇ ಎಲ್ಲಾದರೂ ಇರೋಣ ಎಂದ. ಮನೆ ಏನು ಮಾಡಿತ್ತು ಪಾಪ. ಅಪ್ಪ ಆರಾಮಾಗಿದ್ದಾರೆಂದು ಅದು ನನಗೆ ಹೇಳಿರಲಿಲ್ಲ.

ಅವನನ್ನು ದ್ವೇಷಿಸಲು ಆಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನನ್ನ ಮೇಲಿನ ಪ್ರೀತಿಗೇ ಹಾಗೆ ಮಾಡಿದ, ಗೊತ್ತು. ನನಗೂ ಅವನ ಮೇಲೆ ಪ್ರೀತಿ ಹೋಗಿಲ್ಲ, ಅದೇ ಸಂಕಟ. ಆದರೆ ಇನ್ನು ಅವನು ಏನೂ ಇಲ್ಲ ಎಂದಾಗಲೆಲ್ಲ ನಾನೇ ಮೇಲೆ ಹತ್ತಿ ನೋಡಿಬರಬೇಕು. ಅಂಥ ಸಂಸಾರ ನನ್ನಿಂದಾಗದು. ನಾನು ಬರುವುದಿಲ್ಲ ಎಂದೆ.

ಇವತ್ತು ಬರುವುದಿಲ್ಲವಾ ಎಂದು ಕೇಳಿದ. ಅವನ ಅಂಗಿಯ ಕಾಲರ್ ಒಂದು ಕಡೆ ಮಡಚಿಕೊಂಡಿತ್ತು. ನನ್ನ ಕೈ ತಾನಾಗಿ ಹೋಗಿ ಅದನ್ನು ಸರಿಮಾಡಿತು.

"ಹೊರಡು," ಎಂದೆ. "ನೀರು ಏರುತ್ತೆ."